ಗಾಯದ ಗೆರೆ ನೋಡಿ ಕಾಲ ಹೇಳುವುದು

ತೇದಿಯಿಲ್ಲದ ಶಾಸನ ಸಿಕ್ಕಿದರೆ ಅಕ್ಷರಗಳ ತಿರುವು ನೋಡಿ ಇದು ಗಂಗರ ಕಾಲದ್ದು, ಇದು ವಿಜಯನಗರದ್ದು ಎಂದು ಹೇಳುವ ವಿದ್ಯೆಯೊಂದಿದೆ. ಚಿಂತಾಮಣಿಯಲ್ಲಿ ಇತಿಹಾಸದ ಪಾಠ ಹೇಳುವ ನಾನು ಅದನ್ನು ಮಕ್ಕಳಿಗೆ ಪ್ರತಿ ವರ್ಷ ವಿವರಿಸುತ್ತೇನೆ. ಸ್ತನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯಾದ ಹೆಂಗಸರ ಎದೆಯ ಮೇಲಿನ ಗೆರೆಯನ್ನೂ ಹೀಗೆ ಓದಬಹುದು. ಗೌರಿಬಿದನೂರಿನ ನನ್ನ ಸೋದರತ್ತೆಯ ಮೈಮೇಲೆ ಇದ್ದದ್ದು ಒಂದು ಕಾಲದ ಗೆರೆ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ನನ್ನ ಗೆಳತಿಯೊಬ್ಬಳ ಮೈಮೇಲಿರುವುದು ಇನ್ನೊಂದು ಕಾಲದ್ದು. ನನಗೆ ಎರಡು ಗೆರೆಗಳಿವೆ, ಒಂದು ಬಲ ಎದೆಯ ಮೇಲೆ, ಒಂದು ಬೆನ್ನ ಮೇಲೆ. ಕಾಯಿಲೆ ಮೂವರಿಗೂ ಒಂದೇ. ಗೆರೆಗಳು ಬೇರೆಯಾದದ್ದು ಏಕೆ ಎಂದು ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದ ಚರಿತ್ರೆ ಇದು.

ಅತ್ತೆಗೆ ಶಸ್ತ್ರಚಿಕಿತ್ಸೆಯಾದದ್ದು 1969ರಲ್ಲಿ, ಬೆಂಗಳೂರಿನಲ್ಲಿ. ಸ್ನಾನದ ಮನೆಯಲ್ಲಿ ಬೆನ್ನು ಉಜ್ಜಲು ಕರೆದಾಗ ಚಿಕ್ಕಂದಿನಲ್ಲಿ ನಾನು ಕಂಡಿದ್ದೆ. ಭುಜದ ಹತ್ತಿರದಿಂದ ಕೆಳಗಿನ ಪಕ್ಕೆಯವರೆಗೆ ಉದ್ದಕ್ಕೆ ಇಳಿದ ಗೆರೆ, ಕೊರಳೆಲುಬಿನ ಕೆಳಗೆ ಗುಳಿ, ತೆಳ್ಳನೆಯ ಚರ್ಮದಡಿ ಒಂದೊಂದಾಗಿ ಎಣಿಸಬಹುದಾದ ಪಕ್ಕೆಲುಬುಗಳು. ಆ ಕಡೆಯ ಕೈ ಊದಿಕೊಂಡೇ ಇರುತ್ತಿತ್ತು. ರವಿಕೆಯ ಒಂದು ತೋಳನ್ನು ಅವರು ಅಗಲವಾಗಿ ಹೊಲಿಸಿಕೊಳ್ಳುತ್ತಿದ್ದರು. ಅಟ್ಟದ ಮೇಲಿನ ಡಬ್ಬಿಗೆ ಆ ಕೈ ಎಟುಕುತ್ತಿರಲಿಲ್ಲ.

ಆ ಗೆರೆಯನ್ನು ಎಳೆದವನು, ಒಂದರ್ಥದಲ್ಲಿ, ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ವಿಲಿಯಂ ಹಾಲ್‌ಸ್ಟೆಡ್. 1894ರಲ್ಲಿ ಅವನು ತನ್ನ ಐವತ್ತು ರೋಗಿಗಳ ವರದಿಯನ್ನು ಪ್ರಕಟಿಸಿದ. ಕ್ಯಾನ್ಸರ್ ಹುಟ್ಟಿದ ಜಾಗದಿಂದ ಸುತ್ತಲೂ ಮೆಲ್ಲಗೆ ಹಬ್ಬುತ್ತದೆ, ಆದ್ದರಿಂದ ಎಷ್ಟು ಅಗಲವಾಗಿ ಕತ್ತರಿಸಿದರೆ ಅಷ್ಟು ಕ್ಷೇಮ ಎಂಬುದು ಅವನ ತರ್ಕ. ಸ್ತನದ ಜೊತೆಗೆ ಅದರಡಿಯ ಎದೆಸ್ನಾಯುವನ್ನೂ ಕಂಕುಳಿನ ದುಗ್ಧಗ್ರಂಥಿಗಳನ್ನೂ ಒಟ್ಟಿಗೇ ತೆಗೆಯುತ್ತಿದ್ದರು. ಶಸ್ತ್ರಚಿಕಿತ್ಸೆಯಾದ ಜಾಗದಲ್ಲಿ ಗಡ್ಡೆ ಮರಳಿ ಬರುವುದು ಇದರಿಂದ ಬಹಳ ಕಡಿಮೆಯಾಯಿತು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಮುಂದಿನ ಮುಕ್ಕಾಲು ಶತಮಾನ ಜಗತ್ತಿನ ಬಹುಭಾಗದಲ್ಲಿ ಇದೇ ಸರಿಯಾದ ಕ್ರಮವೆಂದು ನಡೆಯಿತು.

ಅದಕ್ಕೂ ಮುಂಚೆ ಹೇಗಿತ್ತೆಂಬುದಕ್ಕೆ ಒಬ್ಬ ರೋಗಿಯದೇ ಮಾತಿದೆ. ಇಂಗ್ಲಿಷ್ ಕಾದಂಬರಿಗಾರ್ತಿ ಫ್ಯಾನಿ ಬರ್ನಿಗೆ 1811ರ ಸೆಪ್ಟೆಂಬರ್ 30ರಂದು ಪ್ಯಾರಿಸ್ಸಿನಲ್ಲಿ ನೆಪೋಲಿಯನ್ನನ ಸೇನಾವೈದ್ಯ ಲಾರೆ ಸ್ತನ ತೆಗೆದ. ಮರವಳಿಕೆ ಎಂಬುದು ಯೂರೋಪಿನಲ್ಲಿ ಇನ್ನೂ ಬಂದಿರಲಿಲ್ಲ. ಕೊಟ್ಟದ್ದು ಒಂದಿಷ್ಟು ಮದ್ಯ. (ಜಪಾನಿನ ಹನಯೊಕಾ ಸೇಶು ಎಂಬ ವೈದ್ಯ 1804ರಲ್ಲೇ ದತ್ತೂರಿ ಮೊದಲಾದ ಗಿಡಗಳ ಕಷಾಯ ಕುಡಿಸಿ, ಮೈಮರೆಸಿ, ಇದೇ ಶಸ್ತ್ರಚಿಕಿತ್ಸೆ ಮಾಡಿದ್ದ. ಆ ಸುದ್ದಿ ಜಪಾನ್ ದಾಟಿರಲಿಲ್ಲ.) ಬರ್ನಿ ತಿಂಗಳುಗಟ್ಟಲೆ ಸಮಯ ತೆಗೆದುಕೊಂಡು ಅಕ್ಕನಿಗೆ ಎಲ್ಲವನ್ನೂ ಪತ್ರದಲ್ಲಿ ಬರೆದಳು. ಆಮೇಲೆ 28 ವರ್ಷ ಬದುಕಿದಳು. ಕತ್ತಿಯ ನೋವಿನ ಬಗ್ಗೆ ಇಷ್ಟು ನಿಚ್ಚಳವಾಗಿ ಬರೆದವಳ ಆ ಪತ್ರದಲ್ಲಿ, ಆ 28 ವರ್ಷ ಎದೆ ಹೇಗಿತ್ತು, ಕೈ ಎತ್ತಲು ಆಗುತ್ತಿತ್ತೆ ಎಂಬುದು ಇರಲು ಸಾಧ್ಯವೇ ಇರಲಿಲ್ಲ. ಈ ಚರಿತ್ರೆಯ ಉದ್ದಕ್ಕೂ ಅದೇ ಕಥೆ: ಶಸ್ತ್ರಚಿಕಿತ್ಸೆಯ ದಿನದ ದಾಖಲೆ ಇರುತ್ತದೆ, ಅದರ ಮರುದಿನದಿಂದ ಶುರುವಾಗುವ ವರ್ಷಗಳದ್ದು ಇರುವುದಿಲ್ಲ.

ಹಾಲ್‌ಸ್ಟೆಡ್‌ನ ಗೆರೆ ಬದಲಾಗಲು ಎರಡು ಕಾರಣ. ಮೊದಲನೆಯದು ವೈದ್ಯರೊಳಗಿನ ವಾದ. ಎದೆಸ್ನಾಯುವನ್ನು ಉಳಿಸಿಯೂ ಸ್ತನ ತೆಗೆಯಬಹುದೆಂದು ಲಂಡನ್ನಿನ ಡೇವಿಡ್ ಪೇಟಿ 1948ರಲ್ಲಿ ತೋರಿಸಿದ. ಅಮೆರಿಕದ ಬರ್ನಾರ್ಡ್ ಫಿಶರ್ ಇನ್ನೂ ಬುಡದ ಪ್ರಶ್ನೆ ಕೇಳಿದ: ಕ್ಯಾನ್ಸರ್ ಆರಂಭದಲ್ಲೇ ರಕ್ತದ ಮೂಲಕ ಮೈಯೊಳಗೆ ಹರಡುವುದಾದರೆ, ಎದೆಯನ್ನು ಇಷ್ಟು ಅಗಲ ಕತ್ತರಿಸಿ ಏನು ಪ್ರಯೋಜನ? 1971ರಲ್ಲಿ ಶುರುವಾದ ಅವನ ದೊಡ್ಡ ಪ್ರಯೋಗದಲ್ಲಿ, ಸ್ನಾಯು ತೆಗೆಸಿಕೊಂಡವರಿಗೂ ಉಳಿಸಿಕೊಂಡವರಿಗೂ ಬದುಕಿನ ಅವಧಿಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. 25 ವರ್ಷಗಳ ಫಲಿತಾಂಶವನ್ನು 2002ರಲ್ಲಿ ಮತ್ತೆ ಲೆಕ್ಕ ಹಾಕಿದಾಗಲೂ ಉತ್ತರ ಅದೇ. ಅತ್ತೆಯ ಕೊರಳೆಲುಬಿನ ಕೆಳಗಿನ ಗುಳಿ ಅವರ ಆಯಸ್ಸಿಗೆ ಏನನ್ನೂ ಸೇರಿಸಿರಲಿಲ್ಲ ಎಂದು ಇದರ ಅರ್ಥ. ಅದನ್ನು ತಿಳಿಯುವ ಹೊತ್ತಿಗೆ ಅವರು ಇರಲಿಲ್ಲ. ಹೋದದ್ದು ವಯಸ್ಸಾಗಿ, ಕ್ಯಾನ್ಸರ್‌ನಿಂದಲ್ಲ.

ಎರಡನೆಯ ಕಾರಣ ರೋಗಿಗಳೇ. "ಗಂಟು ತೆಗೀತೀವಿ ಅಂದ್ರು, ಮಲಗಿದೆ. ಎದ್ದಾಗ ಒಂದ್ ಕಡೆ ಬಯಲಾಗಿತ್ತು ಕಣಮ್ಮಾ" ಎಂದು ಅತ್ತೆ ಒಮ್ಮೆ ಹೇಳಿದ್ದರು. ಆ ಕಾಲದಲ್ಲಿ ಅಮೆರಿಕದ ಹೆಂಗಸರದೂ ಇದೇ ಪಾಡು. ಮತ್ತು ಬರಿಸಿದ ಮೇಲೆ ಗಂಟಿನ ಚೂರನ್ನು ಪರೀಕ್ಷೆಗೆ ಕಳಿಸಿ, ಕ್ಯಾನ್ಸರ್ ಎಂದು ಗೊತ್ತಾದರೆ ಅದೇ ಮೇಜಿನ ಮೇಲೆ ಸ್ತನ ತೆಗೆದುಬಿಡುತ್ತಿದ್ದರು. ರೋಸ್ ಕುಶ್ನರ್ ಎಂಬ ಪತ್ರಕರ್ತೆ 1974ರಲ್ಲಿ ತನ್ನ ಗಂಟಿಗೆ ಚಿಕಿತ್ಸೆ ಬೇಕಾದಾಗ ಇದನ್ನು ಒಪ್ಪಲಿಲ್ಲ. ಮೊದಲು ಪರೀಕ್ಷೆ, ಎಚ್ಚರವಾದ ಮೇಲೆ ಮಾತು, ಆಮೇಲೆ ತೀರ್ಮಾನ ಎಂದು ಹಟ ಹಿಡಿದಳು, ಬರೆದಳು, ಸಭೆಗಳಲ್ಲಿ ಜಗಳವಾಡಿದಳು. 1979ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಮಿತಿ ಈ ಎರಡು ಹಂತದ ಕ್ರಮವನ್ನೇ ಶಿಫಾರಸು ಮಾಡಿತು. ಆ ಸಮಿತಿಯಲ್ಲಿ ಕುಶ್ನರ್ ಕೂಡ ಇದ್ದಳು. ಶಸ್ತ್ರಚಿಕಿತ್ಸೆಗೆ ಮುಂಚೆ ನನ್ನೆದುರು ಕಾಗದ ಇಟ್ಟು, ಏನೇನು ದಾರಿಗಳಿವೆ ಎಂದು ಒಂದು ಗಂಟೆ ವಿವರಿಸಿದರು. ಆ ಒಂದು ಗಂಟೆಗೂ ಒಂದು ಚರಿತ್ರೆಯಿದೆ.

ಆ ದಾರಿಗಳಲ್ಲಿ ಒಂದು, ತೆಗೆದ ಸ್ತನದ ಜಾಗದಲ್ಲಿ ಮತ್ತೊಂದನ್ನು ಕಟ್ಟುವುದು. ಇದರ ಹಿಂದಿನ ಎಳೆಯೊಂದು ನಮ್ಮ ನಂದಿಬೆಟ್ಟದ ಹತ್ತಿರಕ್ಕೇ ಬರುತ್ತದೆ. ಮೂರನೆಯ ಮೈಸೂರು ಯುದ್ಧದಲ್ಲಿ, 1791ರ ಅಕ್ಟೋಬರ್‌ನಲ್ಲಿ, ಕಾರ್ನ್‌ವಾಲಿಸನ ಸೈನ್ಯ ನಂದಿದುರ್ಗವನ್ನು ಹಿಡಿಯಿತು. ಅದೇ ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಕೌಸ್ಜಿ ಎಂಬ ಮರಾಠಿ ಆಳು ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿದರು. ಸುಮಾರು ಒಂದು ವರ್ಷದ ಮೇಲೆ ಪುಣೆಯ ಬಳಿ ಒಬ್ಬ ದೇಶೀ ಕಸಬಿನವನು ಅವನಿಗೆ ಹೊಸ ಮೂಗು ಕಟ್ಟಿಕೊಟ್ಟ. ಮೇಣದಲ್ಲಿ ಮೂಗಿನ ಅಚ್ಚು ಮಾಡಿ, ಅದರಳತೆಗೆ ಹಣೆಯ ಚರ್ಮವನ್ನು ಬಿಡಿಸಿ, ಹುಬ್ಬುಗಳ ನಡುವಿನ ಬುಡವನ್ನು ಮಾತ್ರ ಕೀಳದೆ, ತಿರುಗಿಸಿ ತಂದು ಕೂರಿಸಿದ. ಬುಡದಲ್ಲಿ ರಕ್ತ ಹರಿಯುತ್ತಿದ್ದುದರಿಂದ ಚರ್ಮ ಸಾಯಲಿಲ್ಲ. ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಝೀನ್’ 1794ರ ಅಕ್ಟೋಬರ್‌ನಲ್ಲಿ ಚಿತ್ರ ಸಮೇತ ಇದನ್ನು ಪ್ರಕಟಿಸಿತು. ಅದರ ಜಾಡು ಹಿಡಿದು ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲಿ ಇದನ್ನೇ ಮಾಡಿದ. ಯೂರೋಪಿನ ಪ್ಲಾಸ್ಟಿಕ್ ಸರ್ಜರಿಗೆ ಹೊಸ ಜೀವ ಬಂದದ್ದು ಹೀಗೆ. ಸುಶ್ರುತನ ಹೆಸರನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಆ ವಿದ್ಯೆಯನ್ನು ಕೈಯಿಂದ ಕೈಗೆ ಉಳಿಸಿಕೊಂಡು ಬಂದ ಆ ಕಸಬಿನವನ ಹೆಸರನ್ನು ಲಂಡನ್ನಿನ ಪತ್ರಿಕೆ ಬರೆಯಲಿಲ್ಲ.

ಬುಡ ಕೀಳದೆ ಚರ್ಮವನ್ನು ತಿರುಗಿಸುವ ಇದೇ ತತ್ವದಿಂದ ಇಟಲಿಯ ಇಜಿನಿಯೊ ತನ್ಸೀನಿ ಸ್ತನ ತೆಗೆದ ಗಾಯವನ್ನು ಮುಚ್ಚಿದ. ಬೆನ್ನಿನ ಅಗಲವಾದ ಸ್ನಾಯುವನ್ನು ಚರ್ಮದ ಸಮೇತ ಬಿಡಿಸಿ, ಅದರ ರಕ್ತನಾಳದ ಬುಡ ಉಳಿಸಿಕೊಂಡು, ಕಂಕುಳ ಕೆಳಗಿನಿಂದ ಎದೆಗೆ ತರುವ ಈ ವಿಧಾನವನ್ನು 1906ರಲ್ಲಿ ವಿವರವಾಗಿ ಬರೆದ. ಆದರೆ ಹಾಲ್‌ಸ್ಟೆಡ್ ಇಂಥ ಹೊದಿಕೆಗಳಿಗೆ ವಿರುದ್ಧವಾಗಿದ್ದ. ಒಳಗೆ ಮತ್ತೆ ಗಡ್ಡೆ ಎದ್ದರೆ ಕಾಣುವುದಿಲ್ಲ, ಗಾಯ ಮುಚ್ಚಬಹುದೆಂಬ ಧೈರ್ಯದಿಂದಲೋ ಮುಚ್ಚುವ ಆಸೆಯಿಂದಲೋ ವೈದ್ಯನ ಕತ್ತಿ ಹಾದಿ ತಪ್ಪುತ್ತದೆ ಎಂಬ ಅಂಜಿಕೆ. ಅವನ ಮಾತು ನಡೆಯಿತು. ತನ್ಸೀನಿಯ ವಿಧಾನ ಮೂಲೆ ಸೇರಿತು. 1962ರಲ್ಲಿ ಅಮೆರಿಕದ ಹ್ಯೂಸ್ಟನ್ನಿನಲ್ಲಿ ಸಿಲಿಕೋನ್ ಚೀಲವನ್ನು ಮೊದಲ ಬಾರಿಗೆ ಒಬ್ಬ ಹೆಂಗಸಿನ ಎದೆಯೊಳಗೆ ಇಟ್ಟರು. 1970ರ ದಶಕದಲ್ಲಿ ಬೆನ್ನಿನ ಸ್ನಾಯುವಿನ ವಿಧಾನವನ್ನು ವೈದ್ಯರು ಮತ್ತೆ ಬಳಕೆಗೆ ತಂದರು. ಅಲ್ಲಿಯವರೆಗೆ ಹಲವು ದಶಕ ಈ ದಾರಿ ಮುಚ್ಚಿತ್ತು. ನನ್ನ ಬೆನ್ನಿನ ಮೇಲಿನ ಗೆರೆ ಅದೇ ದಾರಿಯದು.

ಇದನ್ನು ಕನ್ನಡದಲ್ಲಿ ‘ಸ್ತನ ಪುನರ್ನಿರ್ಮಾಣ’ ಎನ್ನುತ್ತಾರೆ. ಬಿದ್ದ ದೇಗುಲವನ್ನು ಇದ್ದಂತೆಯೇ ಎತ್ತಿ ನಿಲ್ಲಿಸಿದಂತೆ ಕೇಳಿಸುವ ಪದ. ಹತ್ತು ವರ್ಷ ಇದರೊಡನೆ ಬದುಕಿದ ಮೇಲೆ ನನಗೆ ಆ ಪದ ಪೂರ್ತಿ ಸರಿಯೆನ್ನಿಸುವುದಿಲ್ಲ. ಕನ್ನಡಿಯಲ್ಲಿ ಆಕಾರವಿದೆ, ಸ್ಪರ್ಶವಿಲ್ಲ. ಬಿಸಿ ಪಾತ್ರೆ ತಗುಲಿದರೂ ತಿಳಿಯದು, ಆದ್ದರಿಂದ ಒಲೆಯ ಮುಂದೆ ಮೈಯೆಲ್ಲಾ ಕಣ್ಣಾಗಿರಬೇಕು. ಬೆನ್ನಿನ ಸ್ನಾಯುವಿಗೆ ತನ್ನ ಹಳೆಯ ಕೆಲಸ ಮರೆತಿಲ್ಲ. ಭಾರವಾದ ಬಾಗಿಲು ತಳ್ಳಿದಾಗ, ಜೋರಾಗಿ ಕೆಮ್ಮಿದಾಗ ಎದೆ ತನ್ನಷ್ಟಕ್ಕೆ ಸೆಟೆಯುತ್ತದೆ. ಕುರ್ಚಿಯ ಕೈ ಒತ್ತಿ ಮೇಲೇಳುವ ಶಕ್ತಿ ಆ ಕಡೆ ಸ್ವಲ್ಪ ಕಡಿಮೆ. ವಯಸ್ಸಾದಂತೆ ಎಡಗಡೆಯದು ಜೋಲುತ್ತಿದೆ, ಬಲಗಡೆಯದು ಇದ್ದಲ್ಲೇ ಇದೆ. ನಾನು ಪಶ್ಚಾತ್ತಾಪ ಪಡುತ್ತಿಲ್ಲ. ತರಗತಿಯಲ್ಲಿ ಬೋರ್ಡಿನ ಕಡೆಯಿಂದ ಮಕ್ಕಳ ಕಡೆ ತಿರುಗುವಾಗ ಸೆರಗು ಸರಿಪಡಿಸಿಕೊಳ್ಳುವ ಗಾಬರಿ ನನಗಿಲ್ಲ, ಅದು ದೊಡ್ಡದು. ಆದರೆ ನನಗೆ ಸಿಕ್ಕಿದ್ದು ಹಳೆಯ ಮೈಯಲ್ಲ, ಬೇರೊಂದು ಮೈ. ಅದರ ಅಭ್ಯಾಸಗಳನ್ನು ಹೊಸದಾಗಿ ಕಲಿಯಬೇಕಾಯಿತು.

ಶಿಡ್ಲಘಟ್ಟದ ಗೆಳತಿಯದು ಅಡ್ಡಕ್ಕೆ ಎಳೆದ ಒಂದೇ ಗೆರೆ. ಪೇಟಿಯ ನಂತರದ ಕಾಲದ್ದು: ಎದೆಸ್ನಾಯು ಉಳಿದಿದೆ, ಗುಳಿಯಿಲ್ಲ, ಕೈ ಮೇಲೇಳುತ್ತದೆ. ಪುನರ್ನಿರ್ಮಾಣದ ಬಗ್ಗೆ ಅವಳಿಗೂ ಹೇಳಿದ್ದರಂತೆ. ಇನ್ನೊಂದು ಶಸ್ತ್ರಚಿಕಿತ್ಸೆ, ಇನ್ನಷ್ಟು ದಿನ ಕೂಲಿ ತಪ್ಪುವುದು ಬೇಡವೆಂದಳು. ಅವಳ ತೊಂದರೆ ಎದೆಯದಲ್ಲ, ಕೈಯದು. ಕಂಕುಳ ಗ್ರಂಥಿಗಳನ್ನು ತೆಗೆದರೆ ಕೈಯಿಂದ ದುಗ್ಧರಸ ಮರಳುವ ಹಾದಿ ಕಟ್ಟಿಹೋಗಿ ಕೈ ಊದಬಹುದು. ಸುಟ್ಟ ಗಾಯ, ಗೀರು, ಸೋಂಕು ಅದನ್ನು ಹೆಚ್ಚಿಸುತ್ತವೆ. ಮೊದಲ ಒಂದೆರಡು ಗ್ರಂಥಿಗಳನ್ನು ಮಾತ್ರ ತೆಗೆದು ಪರೀಕ್ಷಿಸಿ, ಅಲ್ಲಿ ಕ್ಯಾನ್ಸರ್ ಇಲ್ಲದಿದ್ದರೆ ಉಳಿದವನ್ನು ಬಿಟ್ಟುಬಿಡುವ ಕ್ರಮ 1990ರ ದಶಕದಿಂದ ಬೆಳೆದಿದೆ. ಅದು ಕಾಯಿಲೆಯನ್ನು ಬೇಗ ಕಂಡುಹಿಡಿದವರಿಗೆ ಒದಗುವ ಅನುಕೂಲ. ಅವಳದು ತಡವಾಗಿತ್ತು. ಇನ್ನು ಅವಳ ಕಸಬು ನೋಡಿ: ಗೂಡನ್ನು ಬೇಯಿಸಿ, ಬಿಸಿನೀರಿನ ಬಾನಿಯಲ್ಲಿ ಕೈಯಾಡಿಸಿ ಎಳೆ ಹುಡುಕುವುದು. "ಬಿಸಿನೀರಾಗೆ ಕೈ ಇಡಬ್ಯಾಡ ಅಂತಾರಕ್ಕಾ. ಕೈ ಇಡದಿದ್ರೆ ಗೂಡು ನೂಲು ಕೊಡ್ತದಾ?" ಎಂದು ಕೇಳಿದಳು. ಹಾಲ್‌ಸ್ಟೆಡ್ ಗಾಯ ಹೊಲಿಯಲು ಸಣ್ಣ ರೇಷ್ಮೆ ಎಳೆಯನ್ನೇ ಮೆಚ್ಚುತ್ತಿದ್ದ ಎಂದು ಓದಿದಾಗ ನನಗೆ ನೆನಪಾದದ್ದು ಈ ಪ್ರಶ್ನೆ.

ಎದೆಗೆ ಅವಳು ಮಾಡಿಕೊಂಡ ಉಪಾಯ ಚಿಂತಾಮಣಿಯ ನನ್ನ ದರ್ಜಿಯಮ್ಮನದು. ಅವರು ಎರಡು ಕಡೆಗೂ ಬೇರೆ ಬೇರೆ ಅಳತೆ ತೆಗೆದು, ರವಿಕೆಯ ಒಳಗೆ ಹತ್ತಿ ಬಟ್ಟೆಯ ಜೇಬು ಹೊಲಿಯುತ್ತಾರೆ. ಬರೀ ಹತ್ತಿ ತುಂಬಿದರೆ ಹಗುರವಾಗಿ ಮೇಲೇರುತ್ತದೆ ಎಂದು ತಳದಲ್ಲಿ ಒಂದು ಹಿಡಿ ರಾಗಿಯ ಗಂಟು. ವಾರಕ್ಕೊಮ್ಮೆ ರಾಗಿ ಬದಲಾಯಿಸಬೇಕು, ಬೆವರಿಗೆ ಹುಳ ಬೀಳುತ್ತದೆ. ಅಮೆರಿಕದಲ್ಲಿ ಟೆರೀಸ್ ಲ್ಯಾಸರ್ ಎಂಬಾಕೆ ತನ್ನ ಶಸ್ತ್ರಚಿಕಿತ್ಸೆಯ ನಂತರ, 1950ರ ದಶಕದ ಆರಂಭದಲ್ಲಿ, ಇಂಥದ್ದೇ ತಾತ್ಕಾಲಿಕ ದಿಂಬು ಮತ್ತು ಕೈಯ ವ್ಯಾಯಾಮ ಕಲಿಸಲು ಆಸ್ಪತ್ರೆಯ ಮಂಚದಿಂದ ಮಂಚಕ್ಕೆ ಹೋಗುತ್ತಿದ್ದಳು. ಅದನ್ನು ಬೇಡವೆಂದವರೂ ಇದ್ದರು. ಕವಿ ಆಡ್ರಿ ಲಾರ್ಡ್ 1978ರಲ್ಲಿ ಸ್ತನ ತೆಗೆಸಿಕೊಂಡ ಮೇಲೆ ದಿಂಬು ಇಡದೆ ವೈದ್ಯರ ಬಳಿ ಹೋದಾಗ, ಇದರಿಂದ ಉಳಿದ ರೋಗಿಗಳ ಧೈರ್ಯ ಕುಗ್ಗುತ್ತದೆ ಎಂದು ನರ್ಸ್ ಆಕ್ಷೇಪಿಸಿದಳು. ಲಾರ್ಡ್ ಅದನ್ನು 1980ರ ತನ್ನ ಪುಸ್ತಕದಲ್ಲಿ ಸಿಟ್ಟಿನಿಂದಲೇ ದಾಖಲಿಸಿದಳು. ಮುಚ್ಚಿಕೊಂಡರೆ ಒಬ್ಬರಿಗೊಬ್ಬರು ಗುರುತು ಸಿಗುವುದೇ ಇಲ್ಲವಲ್ಲ ಎಂಬುದು ಆಕೆಯ ಚಿಂತೆ. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಯಾರದ್ದು ರಾಗಿ, ಯಾರದ್ದು ಬೆನ್ನು ಎಂದು ಯಾರಿಗೂ ತಿಳಿಯದು. ಕೆಲವರಿಗೆ ಅದೇ ನೆಮ್ಮದಿ. ಇಬ್ಬರ ಮಾತೂ ನನಗೆ ಅರ್ಥವಾಗುತ್ತದೆ.

ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಲ್ಲಿ ಶುರುವಾಯಿತು. ನಗರದ ಕ್ಯಾನ್ಸರ್ ರೋಗಿಗಳ ನೋಂದಣಿ 1982ರಿಂದ ಅಲ್ಲಿ ನಡೆದಿದೆ. ಎಷ್ಟು ಜನಕ್ಕೆ, ಯಾವ ವಯಸ್ಸಿಗೆ, ಯಾವ ಅಂಗಕ್ಕೆ ಎಂಬ ಲೆಕ್ಕ ಅಂಥ ನೋಂದಣಿಯಿಂದಲೇ ನಮಗೆ ಸಿಗುವುದು. ಅದು ಎಣಿಕೆಯ ಕೆಲಸ, ಅದನ್ನು ಅದು ಮಾಡುತ್ತಿದೆ. ಆಮೇಲಿನ ಬದುಕನ್ನು ಬರೆಯುವುದು ಬೇರೆಯವರ ಪಾಲಿನದು. ಕನ್ನಡದಲ್ಲಿ ಬಿ.ವಿ. ಭಾರತಿ ಅವರು ‘ಸಾಸಿವೆ ತಂದವಳು’ ಪುಸ್ತಕದಲ್ಲಿ ತಮ್ಮ ಸ್ತನ ಕ್ಯಾನ್ಸರ್‌ನ ಅನುಭವ ಬರೆದು ಆ ಕೆಲಸ ಮಾಡಿದ್ದಾರೆ. ಆದರೆ ಬರೆಯುವ ಅಭ್ಯಾಸವಿಲ್ಲದವರ ಪಾಲು ದೊಡ್ಡದಿದೆ. ಇತಿಹಾಸ ಓದುವ ಹುಡುಗ ಹುಡುಗಿಯರು ತಮ್ಮ ಅತ್ತೆ, ದೊಡ್ಡಮ್ಮಂದಿರ ಬಳಿ ಕೂತು ‘ಆಪರೇಷನ್ ಆದ ಮೇಲೆ ಹೇಗಿತ್ತು?’ ಎಂದು ಕೇಳಿ ಬರೆದುಕೊಂಡರೆ ಅದೂ ಕ್ಷೇತ್ರಕಾರ್ಯವೇ.

ನಾನು ಶಿಡ್ಲಘಟ್ಟದಿಂದ ಶುರು ಮಾಡಿದ್ದೇನೆ. ಗೆಳತಿ ಈಗ ಬಾನಿಯ ಮುಂದೆ ಕೂರುವುದಿಲ್ಲ. ಒಣಗಿದ ಗೂಡು ಆರಿಸುವ ಕೆಲಸ ಹಿಡಿದಿದ್ದಾಳೆ. ಕೈಯ ಊತ ಇಳಿದಿದೆ, ಕೂಲಿಯೂ ಇಳಿದಿದೆ. ಇವೆರಡನ್ನೂ ಒಂದೇ ಸಾಲಿನಲ್ಲಿ ಬರೆದುಕೋ ಎಂದು ಅವಳೇ ಹೇಳಿದಳು.