ಬೇಟೆಗಾರನ ಸೊಂಟದ ತೋಟೆಪಟ್ಟಿ – ಹೊಲಿದವನ ಹೆಸರೆಲ್ಲಿ?

ಇತಿಹಾಸದ ಪುಸ್ತಕದಲ್ಲಿ ಕೋವಿ ಇದೆ. ಕೋವಿ ಹಿಡಿದ ಅರಸನಿದ್ದಾನೆ. ಸತ್ತ ಹುಲಿಯ ಮುಂದೆ ನಿಂತ ಸಾಹೇಬನ ಫೋಟೋ ಕೂಡ ಇದೆ. ಆ ಸಾಹೇಬನ ಸೊಂಟದಲ್ಲಿ ತೋಟೆಗಳನ್ನು ಸಾಲಾಗಿ ಸಿಕ್ಕಿಸಿದ ತೊಗಲಿನ ಪಟ್ಟಿಯೂ ಕಾಣುತ್ತದೆ. ಅದನ್ನು ಹೊಲಿದವನು ಯಾರು ಎಂದು ಮಾತ್ರ ನಾವು ಕೇಳುವುದಿಲ್ಲ. ಈ ಸಲ ಆ ಪಟ್ಟಿಯ ಚರಿತ್ರೆಯನ್ನೇ ನೋಡೋಣ.

ಮೊದಲು ಶಬ್ದದಿಂದ ಆರಂಭಿಸೋಣ. ಕನ್ನಡದಲ್ಲಿ ಮದ್ದುಗುಂಡು ತುಂಬಿದ ಕೊಳವೆಗೆ ತೋಟೆ ಅಥವಾ ತೋಟಾ ಎನ್ನುತ್ತೇವೆ. ಉತ್ತರ ಕರ್ನಾಟಕದ ಕಡೆ ಕಾಡತೂಸು ಎಂಬ ಮಾತೂ ಇದೆ. ಮರಾಠಿಯ ಕಾಡತೂಸ, ಹಿಂದಿಯ ಕಾರತೂಸ್ ಇದರ ಬಂಧುಗಳು. ಇವೆಲ್ಲದರ ಮೂಲ ಪೋರ್ತುಗೀಜರ 'ಕಾರ್ತೂಶು'. ನಾವು ಪಾಠ ಮಾಡುವ ಕೆಪೆ ಸೀಮೆ ಹಿಂದೆ ಸೋಂದೆ ಅರಸರ ಕೈಯಲ್ಲಿತ್ತು. ಹೈದರಾಲಿ ಸೋಂದೆಯ ಮೇಲೆ ದಂಡೆತ್ತಿ ಹೋದ ಮೇಲೆ, 18ನೇ ಶತಮಾನದ ಉತ್ತರಾರ್ಧದಲ್ಲಿ, ಇದು ಪೋರ್ತುಗೀಜರ ವಶವಾಯಿತು. ಕನ್ನಡದ ಅರಸರ ನೆಲಕ್ಕೆ ಪೋರ್ತುಗೀಜರ ಮಾತು ಬಂದ ಹಾಗೆಯೇ, ಅವರ ಮಾತು ಕನ್ನಡಕ್ಕೂ ಬಂತು.

ಕೊಂಬು ಮತ್ತು ಚೀಲದ ಕಾಲ

ಮೊದಲಿನ ಕೋವಿಗಳಿಗೆ ತೋಟೆ ಇರಲಿಲ್ಲ. ಬತ್ತಿಯ ಕೋವಿಗೆ ನಳಿಗೆಯ ಬಾಯಿಂದ ಮದ್ದು ಸುರಿಯಬೇಕು, ಮೇಲೆ ನಾರು ತುರುಕಿ ಗಜದಿಂದ ಜಡಿಯಬೇಕು, ಆಮೇಲೆ ಗುಂಡೋ ಚರೆಯೋ ಹಾಕಿ ಮತ್ತೆ ನಾರು ತುರುಕಬೇಕು. ಇಷ್ಟಾಗುವವರೆಗೆ ಹಂದಿ ಕಾಯುತ್ತದೆಯೇ? ಹಾಗಾಗಿ ಬೇಟೆಗಾರನಿಗೆ ಎಲ್ಲವೂ ಕೈಗೆ ತಕ್ಷಣ ಸಿಗುವಂತೆ ಇರಬೇಕಿತ್ತು. ಮದ್ದಿಗೆ ದನದ ಕೊಂಬು ಅಥವಾ ತೊಗಲಿನ ಬುದ್ದಲಿ, ಚರೆಗೆ ತೊಗಲಿನ ಸಣ್ಣ ಚೀಲ. ಮದ್ದಿಗೆ ಎರಡು ಶತ್ರುಗಳು: ಕಿಡಿ ಮತ್ತು ತೇವ. ನಮ್ಮ ಕಡೆಯ ಮಳೆಗಾಲದಲ್ಲಿ ಎರಡನೆಯದೇ ದೊಡ್ಡದು. ಬಾಯಿ ಬಿಗಿಯಾಗಿ ಮುಚ್ಚುವ, ಎಣ್ಣೆ ಕುಡಿದ ತೊಗಲು ಅದಕ್ಕೆ ಉತ್ತರವಾಗಿತ್ತು.

17ನೇ ಶತಮಾನದ ಯುರೋಪಿನ ಸೈನಿಕರು ಹೆಗಲಿನಿಂದ ಸೊಂಟಕ್ಕೆ ಅಡ್ಡಲಾಗಿ ಒಂದು ತೊಗಲಿನ ಪಟ್ಟಿ ಹಾಕಿ, ಅದಕ್ಕೆ ಮರದ ಸಣ್ಣ ಕೊಳವೆಗಳನ್ನು ತೂಗುಬಿಡುತ್ತಿದ್ದರು. ಒಂದೊಂದು ಕೊಳವೆಯಲ್ಲೂ ಒಂದು ಈಡಿಗೆ ಬೇಕಾದಷ್ಟು ಮದ್ದು. ಅವು ಸಾಮಾನ್ಯವಾಗಿ ಹನ್ನೆರಡು ಇರುತ್ತಿದ್ದವು. ಅದಕ್ಕೆಂದೇ ಮುಂದೆ ಅವಕ್ಕೆ ಯೇಸುವಿನ 'ಹನ್ನೆರಡು ಅಪೊಸ್ತಲರು' ಎಂಬ ಹೆಸರು ಬಂತು. ಇಂದಿನ ತೋಟೆಪಟ್ಟಿಯ ಅಜ್ಜ ಅದು ಎನ್ನಬಹುದು.

1807ರಲ್ಲಿ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್, ಬಡಿದರೆ ಸಿಡಿಯುವ ರಾಸಾಯನಿಕದಿಂದ ಕೋವಿ ಹಾರಿಸುವ ವಿಧಾನಕ್ಕೆ ಪೇಟೆಂಟ್ ಪಡೆದರು. ಮುಂದೆ ಇದರಿಂದಲೇ ಕೇಪು ಹುಟ್ಟಿತು. ಮಲೆನಾಡು, ಕರಾವಳಿಯ ಹಿರಿಯರು ಹೇಳುವ ಕೇಪಿನ ಕೋವಿ ಇದೇ. ಕಡಲೆಕಾಳಿಗಿಂತ ಚಿಕ್ಕದಾದ ಕೇಪುಗಳಿಗಾಗಿ ಸೊಂಟಕ್ಕೆ ಇನ್ನೊಂದು ಪುಟ್ಟ ಚೀಲ ಸೇರಿತು.

1857 – ತೋಟೆ ಮತ್ತು ಹಲಗಲಿ

1857ರ ಸಿಪಾಯಿಗಳ ಸಿಟ್ಟಿಗೆ ಕಾರಣವಾದ ಎನ್‌ಫೀಲ್ಡ್ ತೋಟೆ ಕಾಗದದ್ದು. ಹಲ್ಲಿನಿಂದ ಹರಿದು ಮದ್ದು ಸುರಿಯಬೇಕಿತ್ತು. ಅದಕ್ಕೆ ದನದ, ಹಂದಿಯ ಕೊಬ್ಬು ಸವರಿದ್ದಾರೆಂಬ ಸುದ್ದಿ ಹಬ್ಬಿದ್ದು ನಮಗೆಲ್ಲ ಗೊತ್ತು. ಅದೇ ವರ್ಷ ಸರ್ಕಾರ ಜನರ ಆಯುಧಗಳ ಮೇಲೆ ಕಾಯ್ದೆ ತಂದಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸಲು ಒಪ್ಪಲಿಲ್ಲ. ಬೇಟೆಯೇ ಬದುಕಾದವರಿಗೆ ಆಯುಧ ಕೊಡುವುದೆಂದರೆ ಅನ್ನವನ್ನೂ ಮಾನವನ್ನೂ ಒಟ್ಟಿಗೆ ಕೊಟ್ಟಂತೆ. ನವೆಂಬರ್ ಕೊನೆಯಲ್ಲಿ ಇಂಗ್ಲಿಷರ ದಂಡು ಊರಿಗೆ ಬೆಂಕಿ ಹಚ್ಚಿತು. ಡಿಸೆಂಬರ್‌ನಲ್ಲಿ ಹಲವರನ್ನು ಗಲ್ಲಿಗೇರಿಸಿತು. ಜನ ಅವರನ್ನು ಲಾವಣಿಯಲ್ಲಿ ಉಳಿಸಿಕೊಂಡರು.

ಕೊಡಗಿನ ಕಥೆ ಬೇರೆ. 1861ರಲ್ಲಿ ಕೊಡವರಿಗೆ ಆಯುಧ ಕಾಯ್ದೆಯಿಂದ ವಿನಾಯಿತಿ ಸಿಕ್ಕಿತು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಕಾಲದಲ್ಲೂ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಅದು ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. ಕೈಲ್ ಪೊಳ್ದ್ ಹಬ್ಬದಲ್ಲಿ ಅವರು ಕೋವಿಗೆ ತೋಕ್ ಪೂ ಮುಡಿಸಿ ಪೂಜೆ ಮಾಡುತ್ತಾರೆ. ಒಂದೇ ನಾಡಿನಲ್ಲಿ ಒಬ್ಬರಿಗೆ ಕೋವಿ ಗೌರವ, ಇನ್ನೊಬ್ಬರಿಗೆ ಗಲ್ಲು.

ಪಟ್ಟಿ ಮಾಡುವ ಕೆಲಸ

19ನೇ ಶತಮಾನದ ಉತ್ತರಾರ್ಧದಲ್ಲಿ ಮದ್ದು, ಚರೆ, ಕೇಪು ಮೂರೂ ಒಂದೇ ಕೊಳವೆಯೊಳಗೆ ಸೇರಿದ ತೋಟೆ ಬಳಕೆಗೆ ಬಂತು. ಕೊಂಬು ಮೂಲೆಗೆ ಹೋಯಿತು, ತೋಟೆಪಟ್ಟಿ ಸೊಂಟಕ್ಕೆ ಬಂತು. ಬೇಟೆಯ ತೋಟೆಗಳಲ್ಲಿ ಹೆಚ್ಚು ಪರಿಚಿತವಾದದ್ದು 12 ಬೋರ್. ಮಕ್ಕಳು ಇದನ್ನು ಇಂಚಿನ ಅಳತೆ ಎಂದುಕೊಳ್ಳುತ್ತಾರೆ. ಒಂದು ಪೌಂಡ್ ಸೀಸದಿಂದ ಸರಿಸಮನಾದ 12 ಗುಂಡು ಎರಕ ಹೊಯ್ದರೆ, ಒಂದು ಗುಂಡಿನ ಅಗಲವೇ ನಳಿಗೆಯ ಅಗಲ. ಒಂದೊಂದು ಗುಂಡು ಸುಮಾರು 38 ಗ್ರಾಂ, ಅಗಲ ಸುಮಾರು 18.5 ಮಿಲಿಮೀಟರ್.

ಪಟ್ಟಿಯ ಕೆಲಸ ತೊಗಲು ಹದ ಮಾಡುವುದರಿಂದ ಶುರುವಾಗುತ್ತದೆ. ಹಸಿ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ ಕೂದಲು ಕೆರೆಯಬೇಕು. ಆಮೇಲೆ ಜಾಲಿ ತೊಗಟೆ, ಅಳಲೆಕಾಯಿಯ ಒಗರು ನೀರಿನಲ್ಲಿ ದಿನಗಟ್ಟಲೆ ಇಡಬೇಕು. ಆ ವಾಸನೆಯಲ್ಲಿ ನಿಂತು ದುಡಿಯುವುದು ಸುಲಭವಲ್ಲ. ಸೊಂಟದ ಪಟ್ಟಿಗೆ ಎಮ್ಮೆಯ ಬೆನ್ನಿನ ದಪ್ಪ ತೊಗಲು ಒಳ್ಳೆಯದು, ಅದು ಹೆಚ್ಚು ಜಗ್ಗುವುದಿಲ್ಲ. ತೋಟೆ ಸಿಕ್ಕಿಸುವ ಕುಣಿಕೆಗಳಿಗೆ ತೆಳು ತೊಗಲು ಬೇಕು. ಅದನ್ನು ನೀರಿನಲ್ಲಿ ನೆನೆಸಿ, ತೋಟೆಯಷ್ಟೇ ದಪ್ಪದ ಮರದ ಗೂಟಕ್ಕೆ ಸುತ್ತಿ ಒಣಗಲು ಬಿಟ್ಟರೆ ಆಕಾರ ನಿಲ್ಲುತ್ತದೆ. ಆಮೇಲೆ ಸಮ ಅಂತರದಲ್ಲಿ ತೂತು ಮಾಡಿ, ಮೇಣ ಸವರಿದ ದಾರದಿಂದ ಎರಡೂ ಕಡೆಯಿಂದ ಹೊಲಿಗೆ. ಕುಣಿಕೆ ಸಡಿಲಾದರೆ ಓಡುವಾಗ ತೋಟೆ ಬೀಳುತ್ತದೆ, ಬಿಗಿಯಾದರೆ ಬೇಕಾದಾಗ ಹೊರಗೆ ಬರುವುದಿಲ್ಲ. ಈ ಎರಡರ ನಡುವಿನ ಅಂದಾಜು ಹೊಲಿಯುವವನ ಬೆರಳಿಗೆ ಮಾತ್ರ ಗೊತ್ತಿರುತ್ತದೆ.

ಇಲ್ಲೊಂದು ವಿಜ್ಞಾನದ ಪಾಠವೂ ಇದೆ. ತೊಗಟೆಯಿಂದ ಹದ ಮಾಡಿದ ತೊಗಲಿನಲ್ಲಿ ಒಗರಿನ ಆಮ್ಲ ಇರುತ್ತದೆ. ಹಿತ್ತಾಳೆಯ ತೋಟೆಯನ್ನು ತಿಂಗಳುಗಟ್ಟಲೆ ಪಟ್ಟಿಯಲ್ಲೇ ಬಿಟ್ಟರೆ, ಅದರ ತಾಮ್ರ ಆ ಆಮ್ಲದೊಡನೆ ಸೇರಿ ಹಸಿರು ಕಿಲುಬು ಕಟ್ಟುತ್ತದೆ. ಆಗ ತೋಟೆ ಕೋವಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಅಮೆರಿಕದ ಸೈನ್ಯಕ್ಕೂ ಇದೇ ತೊಂದರೆ ಕಾಡಿತು. ಅಲ್ಲಿನ ಅಧಿಕಾರಿ ಆನ್ಸನ್ ಮಿಲ್ಸ್ ಕುಣಿಕೆಗಳ ಸಮೇತ ನೂಲಿನಲ್ಲೇ ನೇಯ್ದ ಪಟ್ಟಿಯನ್ನು ರೂಢಿಗೆ ತಂದರು. ತೊಗಲಿನ ಪಟ್ಟಿ ಹೊತ್ತು ಹೋಗುವುದಕ್ಕೆ ತಕ್ಕದ್ದು, ಕೂಡಿಡುವುದಕ್ಕೆ ತಕ್ಕದ್ದಲ್ಲ ಎಂಬುದು ಬಲ್ಲವರ ಮಾತು.

ಹೆಸರಿನ ಪ್ರಶ್ನೆ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಈ ನಾಡಿನಲ್ಲಿ ತೊಗಲಿನ ಕೆಲಸ ಮಾಡಿದವರು ಸಮಗಾರರು, ಮಾದಿಗರು, ಡೋಹರರು, ಮೋಚಿಗಳು. ಅವರು ಹೊಲಿದದ್ದು ದೊರೆಯ ಸೊಂಟಕ್ಕೆ ಏರಿತು. ಹೊಲಿದವರು ಊರ ಹೊರಗೆ ಉಳಿದರು. ಕೋವಿಯ ಮೇಲೆ ಕಂಪನಿಯ ಹೆಸರು ಕೊರೆದಿರುತ್ತದೆ, ಊರಿನಲ್ಲಿ ಹೊಲಿದ ಪಟ್ಟಿಯ ಮೇಲೆ ಯಾರ ಹೆಸರೂ ಇರುವುದಿಲ್ಲ.

ಕನ್ನಡದಲ್ಲಿ ಮಾತ್ರ ಈ ಮೌನ ಬಹಳ ಹಿಂದೆಯೇ ಮುರಿದಿತ್ತು. ವಚನಕಾರರಲ್ಲಿ ಬಹಳ ಹಿರಿಯನೆಂದು ಎಣಿಸುವ ಮಾದಾರ ಚೆನ್ನಯ್ಯನ ಅಂಕಿತ ನೋಡಿ. ಬೇರೆಯವರು ಅಂಕಿತದಲ್ಲಿ ದೇವರ ಹೆಸರಿಟ್ಟರೆ, ಆತ ದೇವರ ಹೆಸರಿನ ಜೊತೆಗೆ ತನ್ನ ಕೈಯುಳಿಯನ್ನೂ ಕತ್ತಿಯನ್ನೂ ಸೇರಿಸಿದ. ಕಾಯಕದ ಸಲಕರಣೆಯೇ ಆತನ ರುಜು. ಸಮಗಾರ ಹರಳಯ್ಯನ ಕಥೆ ನಮ್ಮ ಮಕ್ಕಳಿಗೆ ಗೊತ್ತು. ಆತನ ಮಗನಿಗೂ ಮಧುವರಸನ ಮಗಳಿಗೂ ನಡೆದ ಮದುವೆಗೆ ಕಲ್ಯಾಣದಲ್ಲಿ ರಕ್ತ ಹರಿಯಿತು ಎಂದು ಶರಣರ ಪರಂಪರೆ ಹೇಳುತ್ತದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯ ಕಾಲ ಮುಗಿಯಿತು. ಅದು ಮುಗಿದದ್ದು ಒಳ್ಳೆಯದೇ. ಕೋವಿ ಇಂದು ಹೆಚ್ಚಾಗಿ ಬೆಳೆ ಕಾಯುವ ಲೈಸೆನ್ಸಿನ ಸಾಮಾನು. ಆದರೆ ತೊಗಲಿನ ಕೈಗಾರಿಕೆ ಸಾಯಬೇಕಾಗಿಲ್ಲ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಾಗ, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳೂ ಸೇರಿದವು.

ಗೋವೆಯ ಕನ್ನಡ ಶಾಲೆಗಳಿಗೆ ಬರುವ ಮಕ್ಕಳಲ್ಲಿ ಅನೇಕರ ಮೂಲ ಊರು ಈ ಜಿಲ್ಲೆಗಳಲ್ಲೇ ಇದೆ. ತೊಗಲಿನ ಕೆಲಸ ಮಾಡುವ ಮನೆಯ ಮಗು ತನ್ನ ತಂದೆಯ ಕಸುಬನ್ನು ಹೇಳುವಾಗ ದನಿ ತಗ್ಗಿಸುತ್ತದೆ. ಆ ದನಿ ತಗ್ಗದಂತೆ ನೋಡಿಕೊಳ್ಳುವುದು ಇತಿಹಾಸ ಕಲಿಸುವ ನಮ್ಮೆಲ್ಲರ ಕೆಲಸ. ಶಿಕ್ಷಕ ಮಿತ್ರರಲ್ಲಿ ಒಂದು ವಿನಂತಿ: ಮುಂದಿನ ಸಲ ಹಲಗಲಿಯ ಪಾಠ ಬಂದಾಗ ಕೋವಿಯ ಜೊತೆ ಚೀಲದ ಬಗ್ಗೆಯೂ ಕೇಳಿ. ಮಕ್ಕಳು ಮನೆಯ ಹಿರಿಯರಿಂದ ತೊಗಲಿನ ಕೆಲಸದ ಹತ್ತು ಶಬ್ದ ಕೇಳಿಕೊಂಡು ಬಂದು ಹಲಗೆಯ ಮೇಲೆ ಬರೆಯಲಿ. ಹೇಳಿದ ಹಿರಿಯರ ಹೆಸರನ್ನೂ ಪಕ್ಕದಲ್ಲಿ ಬರೆಸಿ.