ಆಲಮಟ್ಟಿಯಿಂದ ಕೂಡಗಿಯವರೆಗೆ: ಎಂಜಿನಿಯರರ ಬೇಡಿಕೆಯ ಇತಿಹಾಸ

ಪಿ.ಯು.ಸಿ. ಫಲಿತಾಂಶ ಬಂದಾಗಲೆಲ್ಲ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಪಾಲಕರು ಕೇಳುವ ಪ್ರಶ್ನೆ ಒಂದೇ: "ಯಾವ ಬ್ರಾಂಚ್ ತಗೊಂಡ್ರ ನಮ್ಮ ಹುಡುಗಗ ಇಲ್ಲೇ ನೌಕರಿ ಸಿಗ್ತದರಿ, ಸರ್?" ಇದಕ್ಕೆ ಉತ್ತರ ಈ ತಾಲ್ಲೂಕುಗಳ ತಾಂತ್ರಿಕ ಇತಿಹಾಸದಲ್ಲಿದೆ.

1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿ ಅಣೆಕಟ್ಟಿಗೆ ಶಂಕುಸ್ಥಾಪನೆ ಮಾಡಿದರು. ಅದರ ಹಿಂದಿನ ವರ್ಷವಷ್ಟೇ ಬಾಗಲಕೋಟೆಯಲ್ಲಿ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು ಆರಂಭವಾಗಿತ್ತು. ಆಗ ಬೇಕಾಗಿದ್ದವರು ಮುಖ್ಯವಾಗಿ ಸಿವಿಲ್ ಎಂಜಿನಿಯರರು. ಅವರಲ್ಲಿಯೂ ಮಣ್ಣಿನ ತಜ್ಞರಿಗೆ ವಿಶೇಷ ಸ್ಥಾನವಿತ್ತು. ಎರೆಮಣ್ಣು ನೀರು ಹೀರಿ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಹಾಕಿದ ಕಾಲುವೆಯ ಕಾಂಕ್ರೀಟು ಒಡೆಯುತ್ತದೆ. ನಡುವೆ ಉಬ್ಬದ ಅಂಟುಮಣ್ಣಿನ ಪದರ ಹಾಕುವ ವಿಧಾನವನ್ನು ಐಐಟಿ ಮುಂಬಯಿಯ ಪ್ರೊ. ಆರ್. ಕೆ. ಕಟ್ಟಿ ರೂಪಿಸಿದರು.

ನಾರಾಯಣಪುರ ಜಲಾಶಯ 1982ರಲ್ಲಿ, ಆಲಮಟ್ಟಿ 2005ರಲ್ಲಿ ಪೂರ್ಣಗೊಂಡವು. ಕಟ್ಟುವಾಗ ನೂರಾರು ಎಂಜಿನಿಯರರು ಬೇಕಾಗುತ್ತಾರೆ, ನಡೆಸಲು ಕೆಲವರು ಸಾಕು. ಆ ಕೆಲವರ ವಿದ್ಯೆಯೂ ಬೇರೆ. ಆಲಮಟ್ಟಿಯ 290 ಮೆಗಾವಾಟ್ ಜಲವಿದ್ಯುದಾಗಾರಕ್ಕೆ ಟರ್ಬೈನು, ಜನರೇಟರು ಬಲ್ಲವರು ಬೇಕಾದರು. 2010ರ ದಶಕದಲ್ಲಿ ನಾರಾಯಣಪುರ ಎಡದಂಡೆ ಕಾಲುವೆ ಜಾಲಕ್ಕೆ ಸ್ವಯಂಚಾಲಿತ ಗೇಟುಗಳು ಬಂದಾಗ ನಿಯಂತ್ರಣ ಮತ್ತು ಮಾಪನ ತಂತ್ರಜ್ಞರ ಸರದಿ ಬಂತು.

ಹಿಂದಿನ ಅವಿಭಜಿತ ಬಸವನ ಬಾಗೇವಾಡಿ ತಾಲ್ಲೂಕಿನ ಕೂಡಗಿಯಲ್ಲಿ ಎನ್‌ಟಿಪಿಸಿ ತಲಾ 800 ಮೆಗಾವಾಟಿನ ಮೂರು ಉಷ್ಣವಿದ್ಯುತ್ ಘಟಕಗಳನ್ನು ಸ್ಥಾಪಿಸಿತು. ಇವು ಸೂಪರ್‌ಕ್ರಿಟಿಕಲ್ ಘಟಕಗಳು. ಸುಮಾರು 221 ಬಾರ್ ಒತ್ತಡ, 374 ಡಿಗ್ರಿ ಸೆಲ್ಸಿಯಸ್ ತಾಪವನ್ನು ಮೀರಿದ ನೀರಿನಲ್ಲಿ ದ್ರವ, ಆವಿ ಎಂಬ ಭೇದವೇ ಇರುವುದಿಲ್ಲ. ಅಂಥ ಬಾಯ್ಲರಿಗೆ ಲೋಹವಿಜ್ಞಾನ ಮತ್ತು ನೀರಿನ ರಸಾಯನವನ್ನು ಬಲ್ಲ ತಜ್ಞರು ಬೇಕು.

ಇಲ್ಲಿಯೇ ಪಾಲಕರ ಲೆಕ್ಕ ತಪ್ಪುತ್ತದೆ. 2014ರಲ್ಲಿ ಕೂಡಗಿಯ ನಿರ್ಮಾಣದ ಭರಾಟೆ ಕಂಡು ಬಿ.ಇ. ಸೇರಿದ ವಿದ್ಯಾರ್ಥಿ ಹೊರಬಂದದ್ದು 2018ರಲ್ಲಿ. ಅದೇ ವರ್ಷ ಮೂರನೆಯ ಘಟಕ ಉತ್ಪಾದನೆಗಿಳಿಯಿತು, ಕಟ್ಟುವ ಕೆಲಸ ಕರಗಿತು. ಬೇಡಿಕೆಗೂ ಪದವಿಗೂ ನಡುವೆ ನಾಲ್ಕು ವರ್ಷಗಳ ವಿಳಂಬವಿದೆ.

ಸಂಬಳದ ಮಾತೂ ಹೀಗೆಯೇ. ಸರಕಾರಿ ಸಹಾಯಕ ಎಂಜಿನಿಯರರ ವೇತನಶ್ರೇಣಿ ಇಂಡಿಯಲ್ಲಿಯೂ ಬೆಂಗಳೂರಿನಲ್ಲಿಯೂ ಒಂದೇ. ಎನ್‌ಟಿಪಿಸಿ ತನ್ನ ತರಬೇತಿ ಎಂಜಿನಿಯರರನ್ನು ಗೇಟ್ ಅಂಕಗಳ ಮೇಲೆ ಇಡೀ ದೇಶದಿಂದ ಆರಿಸುತ್ತದೆ. 2020ರ ದಶಕದ ಆರಂಭದ ಪ್ರಕಟಣೆಗಳಲ್ಲಿ ಅವರ ಮೂಲವೇತನ ತಿಂಗಳಿಗೆ 40,000 ರೂ. ಇತ್ತು. ಸ್ಥಾವರ ನಮ್ಮೂರಿನದಾದರೂ ಸ್ಪರ್ಧೆ ದೇಶದ್ದು. ಸ್ಥಳೀಯ ಮಾರುಕಟ್ಟೆ ನಿರ್ಧರಿಸುವುದು ಹೆಚ್ಚಾಗಿ ಗುತ್ತಿಗೆ ಕೆಲಸದ ಕೂಲಿಯನ್ನು ಮಾತ್ರ. ಯೋಜನೆಗಳಿಗೆ ಹೊಲ, ಮನೆ ಬಿಟ್ಟುಕೊಟ್ಟವರ ಮಕ್ಕಳು ಅಷ್ಟಕ್ಕೇ ನಿಲ್ಲಬಾರದು.

ಹಾಗಾದರೆ ಯಾವ ಬ್ರಾಂಚ್? ಕಾಲುವೆಯ ಗೇಟು, ಟರ್ಬೈನು, ಬಾಯ್ಲರಿಗೆ ನೀರೊತ್ತುವ ಪಂಪು, ಈ ಮೂರರಲ್ಲಿಯೂ ದುಡಿಯುವುದು ಅದೇ ದ್ರವಬಲವಿಜ್ಞಾನ. ಯೋಜನೆಗಳು ಬಂದು ಹೋಗುತ್ತವೆ, ಮೂಲಪಾಠ ಉಳಿಯುತ್ತದೆ. ಶಿಕ್ಷಕರು ಮಕ್ಕಳನ್ನು ಆಲಮಟ್ಟಿಗೆ ಪ್ರವಾಸ ಕರೆದೊಯ್ದಾಗ ಉದ್ಯಾನದ ಜೊತೆಗೆ ಒಂದು ಪ್ರಶ್ನೆಯನ್ನೂ ತೋರಿಸಲಿ: ಇದನ್ನು ಕಟ್ಟಿದವರು ಎಷ್ಟು ಜನ, ಇಂದು ನಡೆಸುತ್ತಿರುವವರು ಎಷ್ಟು ಜನ, ಅವರು ಓದಿದ್ದೇನು?