ಗುಡಿ, ಬೀದಿ, ಗೋಡೆ: ಉಡುಪಿ ಪಟ್ಟಣದ ಚರಿತ್ರೆಯನ್ನು ಕುರಿತು

ಬ್ಯಾಡಗಿ ತಾಲೂಕಿನ ಕದರಮಂಡಲಗಿಯಲ್ಲಿ ಆಂಜನೇಯನು ಕಾಂತೇಶನೆಂದು ಪೂಜಿತನಾಗಿದ್ದಾನೆ. ಶಿಕಾರಿಪುರದ ಭ್ರಾಂತೇಶ, ಸಾತೇನಹಳ್ಳಿಯ ಶಾಂತೇಶ ಹಾಗೂ ಈ ಕಾಂತೇಶ, ಈ ಮೂವರನ್ನು ಒಂದೇ ದಿನ ದರ್ಶಿಸುವುದು ಪುಣ್ಯವೆಂಬ ನಂಬಿಕೆ ಆ ಸೀಮೆಯ ಜನರಲ್ಲಿದೆ. ಕನಕದಾಸರ ಹೆಸರೂ ಈ ಗುಡಿಯೊಂದಿಗೆ ಬೆಸೆದುಕೊಂಡಿದೆ. ಕದರಮಂಡಲಗಿ ಇಂದಿಗೂ ಹಳ್ಳಿಯೇ. ಅದೇ ಕನಕದಾಸರ ನೆನಪನ್ನು ಹೊತ್ತ ಉಡುಪಿಯಾದರೋ ಗುಡಿಯ ಸುತ್ತ ಪಟ್ಟಣವಾಗಿ ಬೆಳೆಯಿತು. ಆ ಬೆಳವಣಿಗೆಯನ್ನೂ ಅದು ದೈವಶಾಸ್ತ್ರಕ್ಕೆ ಒಡ್ಡುವ ಪ್ರಶ್ನೆಯನ್ನೂ ಇಲ್ಲಿ ಪರಿಶೀಲಿಸುತ್ತೇವೆ.

ಉಡುಪಿಯಲ್ಲಿ ಅನಂತೇಶ್ವರ, ಚಂದ್ರಮೌಳೀಶ್ವರ ಗುಡಿಗಳು ಮೊದಲೇ ಇದ್ದವು. 13ನೆಯ ಶತಮಾನದಲ್ಲಿ ಮಧ್ವಾಚಾರ್ಯರು ಕೃಷ್ಣನನ್ನು ಪ್ರತಿಷ್ಠಾಪಿಸಿ ಪೂಜೆಯ ಹೊಣೆಯನ್ನು ಎಂಟು ಯತಿಗಳಿಗೆ ವಹಿಸಿದರು. ಎರಡು ತಿಂಗಳಿಗೊಮ್ಮೆ ಬದಲಾಗುತ್ತಿದ್ದ ಸರದಿಯನ್ನು 16ನೆಯ ಶತಮಾನದಲ್ಲಿ ವಾದಿರಾಜರು ಎರಡು ವರ್ಷಕ್ಕೆ ವಿಸ್ತರಿಸಿದರು. ಹೀಗೆ ರೂಪುಗೊಂಡ ಪರ್ಯಾಯವು ಪಟ್ಟಣದ ಕಾಲಗಣನೆಯೇ ಆಯಿತು. ಬಾಳೆ, ಅಕ್ಕಿ, ಕಟ್ಟಿಗೆ, ಭತ್ತದ ಮುಹೂರ್ತಗಳು ಮಠವನ್ನು ಹೊಲಗದ್ದೆಗಳಿಗೂ ಅಂಗಡಿ ಬೀದಿಗೂ ಜೋಡಿಸಿದವು. ಜಪಾನಿನ ಇಸೆಯಲ್ಲಿ 20 ವರ್ಷಕ್ಕೊಮ್ಮೆ ದೇಗುಲವನ್ನೇ ಹೊಸದಾಗಿ ಕಟ್ಟುತ್ತಾರೆ. ಉಡುಪಿಯಲ್ಲಿ ಹೊಸಬರಾಗುವವರು ಸೇವೆಯ ಹೊಣೆಗಾರರು. ಎರಡೂ ಕಡೆ ಊರಿನ ದುಡಿಮೆಗೆ ಈ ನವೀಕರಣವೇ ಆಧಾರ.

ಆದರೆ ಪಟ್ಟಣವನ್ನು ಕಟ್ಟಿದವರು ಮಠದವರಷ್ಟೇ ಅಲ್ಲ. 1906ರಲ್ಲಿ ಇಲ್ಲಿ ಹುಟ್ಟಿ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎನಿಸಿದ ಸಂಸ್ಥೆಯ ಸ್ಥಾಪಕರು ಹಾಜಿ ಅಬ್ದುಲ್ಲಾ. 1925ರಲ್ಲಿ ಆರಂಭವಾಗಿ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆಯು ಬಡವರಿಂದ ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿ ಸಂಗ್ರಹಿಸಿತು. 1923ರಲ್ಲಿ ಬಾಸೆಲ್ ಮಿಷನ್ನಿನ ಡಾ. ಇವಾ ಲೊಂಬಾರ್ಡ್ ಆಸ್ಪತ್ರೆಯನ್ನು ತೆರೆದರು.

ಈ ಚರಿತ್ರೆಯ ನಡುವೆ ಒಂದು ಗೋಡೆಯಿದೆ. ಪ್ರವೇಶ ದೊರೆಯದ ಕನಕದಾಸರು ಪಶ್ಚಿಮದಲ್ಲಿ ನಿಂತು ಹಾಡಲು, ಕೃಷ್ಣನು ಅತ್ತ ತಿರುಗಿ, ಬಿರಿದ ಗೋಡೆಯಲ್ಲಿ ದರ್ಶನವಿತ್ತನೆಂಬುದು ಐತಿಹ್ಯ. ಅದೇ ಕನಕನ ಕಿಂಡಿ. ಐತಿಹ್ಯದಲ್ಲಿ ದೇವರು ತಿರುಗಿದನು, ಗೋಡೆ ಬಿರಿಯಿತು. ಆದರೂ ಗೋಡೆ ಉಳಿಯಿತು, ಭಕ್ತನು ಹೊರಗೇ ಉಳಿದನು.

ಜೆರುಸಲೇಮಿನ ದೇವಾಲಯದಲ್ಲೂ ಅನ್ಯಜನರು ದಾಟಬಾರದ ತಡೆಯಿತ್ತು. ದಾಟಿದರೆ ಮರಣವೆಂದು ಎಚ್ಚರಿಸುವ ಗ್ರೀಕ್ ಶಿಲಾಶಾಸನ 1871ರಲ್ಲಿ ದೊರೆಯಿತು. ಎಫೆಸದವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯವು, ಬೇರ್ಪಡಿಸುವ ಗೋಡೆಯನ್ನು ಕ್ರಿಸ್ತರು ಕೆಡವಿದರೆಂದು ಸಾರುವಾಗ ಕಿಂಡಿಯೊಂದರಿಂದ ತೃಪ್ತಿಪಡುವುದಿಲ್ಲ; ಹೊರಗಿನವರನ್ನು ಮನೆಯವರೆಂದೇ ಕರೆಯುತ್ತದೆ.

ಹಾಗೆಂದು ಉಡುಪಿಯತ್ತ ಬೆರಳು ತೋರುವ ಅಧಿಕಾರ ಧರ್ಮಸಭೆಗೆ ಸುಲಭವಾಗಿ ದಕ್ಕದು. ತಿರುನೆಲ್ವೇಲಿ ಸೀಮೆಯ ವಡಕ್ಕನ್‌ಕುಳಂ ಚರ್ಚಿನೊಳಗೆ ಜಾತಿಗಳನ್ನು ಬೇರ್ಪಡಿಸುತ್ತಿದ್ದ ಗೋಡೆ ಬಿದ್ದದ್ದು 1910ರಲ್ಲಿ. ಆ ಪತ್ರವನ್ನು ಬಲಿಪೂಜೆಯಲ್ಲಿ ಓದುತ್ತಿದ್ದ ಸಮುದಾಯವೇ ಆ ಗೋಡೆಯನ್ನು ಸಹಿಸಿಕೊಂಡಿತ್ತು.

ನಮ್ಮ ಧರ್ಮಕೇಂದ್ರಗಳ ಜುಬಿಲಿ ಸಂಚಿಕೆಗಳು ಚರ್ಚನ್ನು ಯಾರು, ಯಾವಾಗ ಕಟ್ಟಿಸಿದರೆಂಬುದನ್ನು ತಪ್ಪದೆ ದಾಖಲಿಸುತ್ತವೆ. ಯಾರು ಬಾಗಿಲ ಬಳಿ ಕುಳಿತರು, ಯಾರ ಸಮಾಧಿಗೆ ಬೇರೆ ಮೂಲೆಯನ್ನು ತೋರಿಸಲಾಯಿತು ಎಂಬುದನ್ನೂ ಅವು ಬರೆಯಬೇಕು. ಆಗ ಮಾತ್ರ ಅವು ಕಟ್ಟಡದ ಚರಿತ್ರೆಯಾಗಿ ಉಳಿಯದೆ ದೇವಜನರ ಚರಿತ್ರೆಯಾಗುತ್ತವೆ.